ಕುಟ್ಟಾಣಿ ಕೊಳ್ಳುವ ಮುನ್ನ, ಕೊಂಡ ಮೇಲೆ

ಅಡುಗೆಮನೆಯಲ್ಲಿ ಪದಾರ್ಥವನ್ನು ಒಡೆದು ಸಣ್ಣದು ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಒಂದೇ ಕ್ರಿಯಾಪದ ಸಾಲುವುದಿಲ್ಲ. ಶುಂಠಿಯನ್ನು ಜಜ್ಜುತ್ತೇವೆ, ಮೆಣಸನ್ನು ಕುಟ್ಟುತ್ತೇವೆ, ಚಟ್ನಿಯನ್ನು ಅರೆಯುತ್ತೇವೆ, ದೋಸೆಯ ಹಿಟ್ಟನ್ನು ರುಬ್ಬುತ್ತೇವೆ, ರಾಗಿಯನ್ನು ಬೀಸುತ್ತೇವೆ, ಜಾಯಿಕಾಯಿಯನ್ನು ತೇಯುತ್ತೇವೆ. ಒಂದೊಂದು ಮಾತಿಗೂ ಕೈಯ ಒಂದೊಂದು ಬಗೆಯ ಓಟವಿದೆ. ಹಳೆಯ ಮನೆಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಕಲ್ಲೇ ಇರುತ್ತಿತ್ತು. ಮಿಕ್ಸಿ ಬಂದ ಮೇಲೆ ಈ ಆರೂ ಮಾತುಗಳು ಒಂದು ಗುಂಡಿಯೊಳಗೆ ಸೇರಿಹೋದುದರಿಂದ, ಇಂದು ಕುಟ್ಟಾಣಿ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಅಂದವನ್ನೋ ಬೆಲೆಯನ್ನೋ ನೋಡಿ ಆರಿಸುತ್ತಾರೆ, ಮನೆಗೆ ತಂದ ಮೇಲೆ ಅದರಲ್ಲಿ ತಮ್ಮ ಕೆಲಸ ಆಗುವುದಿಲ್ಲವೆಂದು ಮೂಲೆಗೆ ಸರಿಸುತ್ತಾರೆ. ನಿಮ್ಮ ಮನೆಯಲ್ಲಿ ದಿನವೂ ನಡೆಯುವುದು ಜಜ್ಜುವ ಕೆಲಸವೋ, ಕುಟ್ಟುವ ಕೆಲಸವೋ, ಅರೆಯುವ ಕೆಲಸವೋ ಎಂಬುದನ್ನು ಮೊದಲು ತೀರ್ಮಾನಿಸಿಕೊಂಡರೆ ಉಳಿದ ಆಯ್ಕೆಗಳೆಲ್ಲ ಅದರ ಹಿಂದೆ ತಾವಾಗಿ ಬರುತ್ತವೆ.

ಮಿಕ್ಸಿ ಇರುವಾಗ ಇದೇಕೆ ಎಂದು ಕೇಳುವವರಿಗೆ ಎರಡು ಉತ್ತರಗಳಿವೆ. ಎಂಟು ಏಲಕ್ಕಿಯನ್ನೋ ಒಂದು ಚಮಚ ಮೆಣಸನ್ನೋ ಮಿಕ್ಸಿಯ ಜಾರಿಗೆ ಹಾಕಿದರೆ ಅವು ಅಲಗಿಗೆ ಸಿಗದೆ ಗೋಡೆಗೆ ಸಿಡಿದು ಕೂರುತ್ತವೆ ಎಂಬುದು ಮೊದಲನೆಯದು. ಎರಡನೆಯದು ರುಚಿಗೆ ಸಂಬಂಧಿಸಿದ್ದು. ಅಲಗು ಪದಾರ್ಥವನ್ನು ಕತ್ತರಿಸುತ್ತದೆ, ಕಲ್ಲು ಅದನ್ನು ಒತ್ತಿ ಹಿಸುಕುತ್ತದೆ. ಬೆಳ್ಳುಳ್ಳಿಯ ಎಸಳನ್ನು ಇಡಿಯಾಗಿ ಮೂಸಿದರೆ ಹೆಚ್ಚು ವಾಸನೆಯಿಲ್ಲ, ಜಜ್ಜಿದ ಕೂಡಲೇ ಮನೆಯೆಲ್ಲ ಘಮಘಮಿಸುತ್ತದೆ. ಏಕೆಂದರೆ ಅದರ ಜೀವಕೋಶಗಳಲ್ಲಿ ಬೇರೆ ಬೇರೆಯಾಗಿದ್ದ ಅಲ್ಲಿಯಿನ್ ಎಂಬ ವಸ್ತುವೂ ಅಲ್ಲಿನೇಸ್ ಎಂಬ ಕಿಣ್ವವೂ ಕೋಶ ಒಡೆದಾಗಲೇ ಒಂದನ್ನೊಂದು ಕೂಡುತ್ತವೆ, ಆಗ ಆ ಕಿಣ್ವದಿಂದ ಅಲ್ಲಿಯಿನ್ ಅಲ್ಲಿಸಿನ್ ಎಂಬ ಘಾಟಿನ ವಸ್ತುವಾಗುತ್ತದೆ. ಎಷ್ಟು ಹೆಚ್ಚು ಕೋಶಗಳು ಹಿಸುಕಿದವೋ ಅಷ್ಟು ಖಾರ, ಅಷ್ಟು ಘಾಟು. ಜಜ್ಜಿದ ಬೆಳ್ಳುಳ್ಳಿಯನ್ನು ಒಡನೆಯೇ ಬಿಸಿ ಎಣ್ಣೆಗೆ ಹಾಕದೆ ಐದು ನಿಮಿಷ ಬಿಟ್ಟು ಹಾಕಿದರೆ ಒಗ್ಗರಣೆ ಬೇರೆಯೇ ಆಗಿರುವುದಕ್ಕೂ ಇದೇ ಕಾರಣ, ಏಕೆಂದರೆ ಬಿಸಿ ತಾಗಿದರೆ ಆ ಕಿಣ್ವದ ಕೆಲಸ ಅಲ್ಲಿಗೆ ನಿಲ್ಲುತ್ತದೆ.

ಇಲ್ಲಿ ಹೇಳುತ್ತಿರುವುದು ಕೈಯಲ್ಲಿ ಎತ್ತಿಡಬಹುದಾದ, ಬಟ್ಟಲಿನ ಆಕಾರದ ಕುಟ್ಟಾಣಿಯ ವಿಷಯ. ಮರಾಠಿಯ ನೆರೆಯ ಬೆಳಗಾವಿಯ ಕಡೆ ಇದನ್ನು ಖಲಬತ್ತ ಎಂದೂ ಕರೆಯುತ್ತಾರೆ. ನಿಂತು ಒನಕೆಯಿಂದ ಭತ್ತ ಕುಟ್ಟುವ ಒರಳು, ಕರಾವಳಿಯವರು ಕಡೆಯುವ ಕಲ್ಲು ಎನ್ನುವ ದೊಡ್ಡ ರುಬ್ಬುಕಲ್ಲು ಇವೆಲ್ಲ ಇದೇ ಬಳಗದವಾದರೂ ಅವುಗಳ ಕೆಲಸ ಬೇರೆ, ಅವು ಬೇಡುವ ಜಾಗವೂ ಬೇರೆ. ಕುಟ್ಟಾಣಿಯಲ್ಲಿ ಇಡ್ಲಿಯ ಹಿಟ್ಟನ್ನು ರುಬ್ಬಲು ಹೊರಡುವುದೆಂದರೆ ಒರಳಿಗೆ ತಲೆ ಕೊಟ್ಟಂತೆಯೇ.

ಯಾವುದರಲ್ಲಿ ಮಾಡಿದ ಕುಟ್ಟಾಣಿ

ಒಂದೇ ಕುಟ್ಟಾಣಿ ಕೊಳ್ಳುವುದಾದರೆ ಗ್ರಾನೈಟ್ ಕಲ್ಲಿನದನ್ನು, ಅಂದರೆ ನಮ್ಮವರು ಕಪ್ಪುಕಲ್ಲು, ಬಿಳಿಕಲ್ಲು ಎಂದು ಕರೆಯುವ ಗಟ್ಟಿ ಕಲ್ಲಿನದನ್ನು ಕೊಳ್ಳಿರಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಅದು ಹುಳಿಗೆ ಜಗ್ಗುವುದಿಲ್ಲ, ಉಪ್ಪಿಗೆ ತುಕ್ಕು ಹಿಡಿಯುವುದಿಲ್ಲ, ಜಜ್ಜಲು, ಕುಟ್ಟಲು, ತಕ್ಕಮಟ್ಟಿಗೆ ಅರೆಯಲು ಮೂರಕ್ಕೂ ಒದಗುತ್ತದೆ. ಬಳಪದ ಕಲ್ಲಿನ ಕುಟ್ಟಾಣಿಗಳು ನೋಡಲು ನಯವಾಗಿರುತ್ತವೆ, ಅಗ್ಗವೂ ಹೌದು; ಆದರೆ ಬೇಲೂರು ಹಳೇಬೀಡುಗಳ ಶಿಲ್ಪಿಗಳಿಗೆ ಅಷ್ಟು ಸೂಕ್ಷ್ಮವಾದ ಕೆತ್ತನೆಗೆ ಒದಗಿದ ಆ ಮೃದುತ್ವವೇ ಇಲ್ಲಿ ದೋಷವಾಗುತ್ತದೆ, ಏಕೆಂದರೆ ಗಟ್ಟಿಯಾಗಿ ಕುಟ್ಟಿದಾಗ ಕಲ್ಲು ಸವೆದು ಅದರ ಪುಡಿ ಅಡುಗೆಗೆ ಸೇರುತ್ತದೆ. ಬಳಪದ ಕಲ್ಲಿನಲ್ಲಿ ಸಾರು ಕುದಿಸಿರಿ, ಮೆಣಸು ಕುಟ್ಟಬೇಡಿರಿ. ಅಮೃತಶಿಲೆಯದೂ ಹೀಗೆಯೇ. ಅದರ ಬಿಳುಪಿಗೆ ಮನಸೋಲುವ ಮುನ್ನ ಹುಣಸೆಹಣ್ಣು, ನಿಂಬೆರಸ ತಾಗಿದರೆ ಅದು ಕರಗಿ ಮಂಕಾಗುತ್ತದೆಂಬುದನ್ನು ನೆನಪಿಡಬೇಕು.

ಹಿತ್ತಾಳೆಯ ಕುಟ್ಟಾಣಿ ಒಣ ಪದಾರ್ಥಗಳಿಗೆ ಬಹಳ ಒಳ್ಳೆಯದು. ಅದು ಆಳವಾಗಿ, ಕಿರಿದಾಗಿ ಇರುವುದರಿಂದ ಏಲಕ್ಕಿ, ಲವಂಗ, ಮೆಣಸು ಹೊರಗೆ ಹಾರುವುದಿಲ್ಲ. ಕಷಾಯದ ಪುಡಿಗೆ, ಹೋಳಿಗೆಯ ಹೂರಣಕ್ಕೆ ಬೇಕಾದ ಏಲಕ್ಕಿಗೆ ಅದಕ್ಕಿಂತ ಚೆನ್ನಾದುದು ಸಿಗದು. ಆದರೆ ಹಿತ್ತಾಳೆಯಲ್ಲಿ ತಾಮ್ರವಿದೆ, ಹುಳಿಯೊಡನೆ ಅದು ಕಿಲುಬುತ್ತದೆ. ಆದಕಾರಣ ಹುಣಸೆ, ಟೊಮೆಟೊ, ಮಾವಿನಕಾಯಿ, ಉಪ್ಪು ಬೆರೆತ ಹಸಿ ಚಟ್ನಿ ಯಾವುದನ್ನೂ ಅದರಲ್ಲಿ ಅರೆಯಬಾರದು. ಕಬ್ಬಿಣದ ಕುಟ್ಟಾಣಿ ಒಣಶುಂಠಿ, ಅರಿಸಿನದ ಕೊಂಬಿನಂತಹ ಮೊಂಡು ಪದಾರ್ಥಗಳನ್ನು ಮೊದಲ ಏಟಿಗೇ ಒಡೆಯುತ್ತದೆ, ಆದರೆ ಒಂದು ರಾತ್ರಿ ಒದ್ದೆ ಬಿಟ್ಟರೂ ತುಕ್ಕು ಹಿಡಿಯುತ್ತದೆ. ಹಲ್ಲು ಬಿದ್ದ ಅಜ್ಜಿಯರು ಜಗಲಿಯ ಕಂಬಕ್ಕೆ ಒರಗಿ ಎಲೆ ಅಡಿಕೆ ಕುಟ್ಟಿಕೊಳ್ಳುತ್ತಿದ್ದ ಅಂಗೈಯಗಲದ ಕುಟ್ಟಾಣಿ ಅಟ್ಟದಲ್ಲಿ ಇನ್ನೂ ಉಳಿದಿದ್ದರೆ, ಚೆನ್ನಾಗಿ ಬೆಳಗಿ ಏಲಕ್ಕಿಗೆ ಮೀಸಲಿಡಿರಿ. ಹೊಸದನ್ನು ಕೊಳ್ಳುವ ಖರ್ಚು ಉಳಿಯುತ್ತದೆ. ಸ್ಟೀಲಿನದು ತೊಳೆಯಲು ಸುಲಭ, ಆದರೆ ಒಳಮೈ ಕನ್ನಡಿಯಂತೆ ನುಣುಪಾಗಿರುವುದರಿಂದ ಕಾಳುಗಳು ಜಾರುತ್ತವೆ. ಚಹಾಕ್ಕೆ ಶುಂಠಿ ಜಜ್ಜುವುದಕ್ಕಷ್ಟೇ ಸಾಕು. ಮರದ ಕುಟ್ಟಾಣಿ ಬೆಳ್ಳುಳ್ಳಿಯ ವಾಸನೆಯನ್ನು ಒಮ್ಮೆ ಹೀರಿಕೊಂಡರೆ ಮತ್ತೆ ಬಿಟ್ಟುಕೊಡುವುದೇ ಇಲ್ಲ.

ಅಳತೆಯ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಚಿಕ್ಕದನ್ನು ಕೊಳ್ಳುವುದು. ಕುಟ್ಟಾಣಿಯ ಮೂರನೆಯ ಒಂದು ಭಾಗ ತುಂಬಿದರೆ ಅದು ತುಂಬಿದಂತೆಯೇ ಲೆಕ್ಕ, ಮಿಕ್ಕ ಜಾಗ ಗುಂಡಿನ ಓಡಾಟಕ್ಕೆ ಬೇಕು. ಶುಂಠಿ, ಬೆಳ್ಳುಳ್ಳಿ, ಮೆಣಸಿಗಾದರೆ ಬಾಯಿಯ ಒಳ ಅಳತೆ 10ರಿಂದ 12 ಸೆಂಟಿಮೀಟರ್ ಇದ್ದರೆ ಸಾಕು. ಗ್ರಾನೈಟಿನಲ್ಲಿ ಅದು ಎರಡೂವರೆ ಮೂರು ಕಿಲೋ ತೂಗುತ್ತದೆ. ನಾಲ್ಕು ಜನರ ಮನೆಗೆ ಚಟ್ನಿ ಅರೆಯಬೇಕೆಂದಿದ್ದರೆ 15 ಸೆಂಟಿಮೀಟರಿಗೆ ಕಡಿಮೆಯದು ಬೇಡ, ಅದು ಐದಾರು ಕಿಲೋ ಆಗುತ್ತದೆ, ಅಂದರೆ ಒಮ್ಮೆ ಇಟ್ಟ ಕಡೆಯೇ ಇರಬೇಕಾದ ವಸ್ತು. ದಿನವೂ ಕಪಾಟಿನಿಂದ ಎತ್ತಿ ಇಳಿಸಬೇಕಾದ ಕುಟ್ಟಾಣಿಯನ್ನು ಒಂದು ತಿಂಗಳ ಮೇಲೆ ಯಾರೂ ಬಳಸುವುದಿಲ್ಲ.

ಗುಂಡಿನ ಕಡೆಗೆ ಜನ ನೋಡುವುದೇ ಕಡಿಮೆ, ನಿಜವಾಗಿ ಕೆಲಸ ಮಾಡುವುದು ಅದು. ಅದರ ತಳದ ಉಬ್ಬು ಬಟ್ಟಲಿನ ತಗ್ಗಿಗೆ ಹೊಂದಬೇಕು. ಗುಂಡನ್ನು ಒಳಗಿಟ್ಟು ಸುತ್ತ ತಿರುಗಿಸಿದಾಗ ಕಲ್ಲಿಗೆ ಕಲ್ಲು ಎಲ್ಲ ಕಡೆಯೂ ತಾಗುತ್ತಿರಬೇಕು, ನಡುವೆ ಎಲ್ಲಿಯಾದರೂ ಗುಳಿ ಬಿಟ್ಟರೆ ಸಾಸಿವೆ, ಜೀರಿಗೆ ಅಲ್ಲಿಯೇ ಅಡಗಿಕೊಳ್ಳುತ್ತವೆ. ಚಿಕ್ಕ ಕುಟ್ಟಾಣಿಗಾದರೂ ಗುಂಡು ಅರ್ಧ ಕಿಲೋ ಇರಲಿ. ಹಗುರವಾದ ಗುಂಡಿನಲ್ಲಿ ತೋಳಿನ ಬಲ ಹಾಕಬೇಕಾಗುತ್ತದೆ, ಭಾರವಾದುದರಲ್ಲಿ ಎತ್ತಿ ಬಿಟ್ಟರೆ ಸಾಕು. ಹಿಡಿದಾಗ ಮುಷ್ಟಿಯ ಮೇಲೆ ಒಂದಿಷ್ಟು ಕಲ್ಲು ಉಳಿದಿರಬೇಕು, ಇಲ್ಲವಾದರೆ ಬೆರಳ ಗೆಣ್ಣು ಅಂಚಿಗೆ ತಾಗುತ್ತದೆ.

ಅಂಗಡಿಯಲ್ಲಿ ನೋಡಬೇಕಾದುದು

ಕೆಲವು ವರ್ಷಗಳ ಹಿಂದೆ ನಾನು ಜಾತ್ರೆಯೊಂದರಲ್ಲಿ ಮಿರಮಿರ ಮಿಂಚುವ ಕಪ್ಪು ಕುಟ್ಟಾಣಿಯೊಂದನ್ನು ಚೌಕಾಸಿ ಮಾಡಿ ಗೆದ್ದೆನೆಂಬ ಹೆಮ್ಮೆಯಲ್ಲಿ ತಂದಿದ್ದೆ. ಮೂರು ದಿನ ತೊಳೆದರೂ ಬೆಳ್ಳುಳ್ಳಿ ಬೂದುಬಣ್ಣಕ್ಕೆ ತಿರುಗುವುದು ನಿಲ್ಲಲಿಲ್ಲ. ಕೊನೆಗೆ ಒಂದು ಕಡೆ ಚೂರು ಹಾರಿದಾಗ ಅದು ಸಿಮೆಂಟಿನಲ್ಲಿ ಎರಕ ಹೊಯ್ದು ಬಣ್ಣ ಬಳಿದುದೆಂದು ತಿಳಿಯಿತು. ಈಗ ಅದರಲ್ಲಿ ದೊಡ್ಡಪತ್ರೆ ಬೆಳೆದಿದೆ. ಅಂದಿನಿಂದ ನಾನು ಒದ್ದೆ ಮಾಡಿದ ಬಿಳಿಯ ಕರವಸ್ತ್ರವೊಂದನ್ನು ಜೇಬಿನಲ್ಲಿಟ್ಟುಕೊಂಡೇ ಹೋಗುತ್ತೇನೆ. ಒಳಮೈಯನ್ನು ಅದರಿಂದ ಬಲವಾಗಿ ಉಜ್ಜಿದಾಗ ಬೂದು ಪುಡಿ ಬಂದರೆ ಅದು ಹೊಸ ಕಲ್ಲಿನ ಧೂಳು, ಪಳಗಿಸಿದರೆ ಹೋಗುತ್ತದೆ. ಕಪ್ಪು ಜಿಡ್ಡು ಬಂದರೆ ಅದು ಬಣ್ಣವೋ ಎಣ್ಣೆಯೋ ಆಗಿರುತ್ತದೆ. ಹೊರಮೈಯ ತಳಭಾಗವನ್ನು ಕಬ್ಬಿಣದ ಮೊಳೆಯಿಂದ ಗೀರಿ ನೋಡಬೇಕು. ಗಟ್ಟಿ ಕಲ್ಲಿನ ಮೇಲೆ ಮೊಳೆಯದೇ ಗುರುತು ಮೂಡುತ್ತದೆ, ಬಳಪದ ಕಲ್ಲಿನಲ್ಲಿ ಗೀರು ಬಿದ್ದು ಬಿಳಿಯ ಹಿಟ್ಟು ಏಳುತ್ತದೆ. ಬಟ್ಟಲಿಗೆ ಸ್ವಲ್ಪ ನೀರು ಹೊಯ್ದು ಅಂಗಡಿಯವನೊಡನೆ ಹತ್ತು ನಿಮಿಷ ಮಾತಾಡುತ್ತಾ ನಿಂತರೆ, ಬಿರುಕಿದ್ದಲ್ಲಿ ಹೊರಗೆ ತೇವದ ಗೆರೆ ಕಾಣಿಸಿಕೊಳ್ಳುತ್ತದೆ. ಗುಂಡಿನಿಂದ ಅಂಚನ್ನು ಮೆಲ್ಲನೆ ತಟ್ಟಿದಾಗ ಠಣ್ ಎಂಬ ಸದ್ದು ಬರಬೇಕು, ಬಿರುಕು ಬಿಟ್ಟ ಕಲ್ಲು ಮಡಕೆಯ ಓಡಿನಂತೆ ಮಂಕಾಗಿ ಮೊಳಗುತ್ತದೆ.

ಒಳಮೈ ಎಷ್ಟು ಒರಟಾಗಿರಬೇಕು ಎಂಬುದು ಮತ್ತೆ ನಿಮ್ಮ ಕ್ರಿಯಾಪದಕ್ಕೆ ಬಿಟ್ಟದ್ದು. ಅರೆಯುವವರಿಗೆ ಉಳಿಯ ಕಚ್ಚುಗಳು ಬೆರಳಿಗೆ ತಿಳಿಯುವಷ್ಟು ಇರಬೇಕು. ಬರೀ ಜಜ್ಜುವವರಿಗೆ ಅಷ್ಟು ಒರಟು ಬೇಡ, ಶುಂಠಿಯ ನಾರು ಕಚ್ಚುಗಳಿಗೆ ಸಿಕ್ಕಿಕೊಂಡು ತೊಳೆಯುವುದೇ ಒಂದು ಕೆಲಸವಾಗುತ್ತದೆ.

ಪಳಗಿಸುವುದು

ಹೊಸ ಕಲ್ಲನ್ನು ಸಾಬೂನು ಹಾಕದೆ, ಗಟ್ಟಿ ಬ್ರಷ್ಷಿನಿಂದಲೋ ತೆಂಗಿನ ನಾರಿನಿಂದಲೋ ಬಿಸಿನೀರಿನಲ್ಲಿ ಉಜ್ಜಿ ತೊಳೆದು ಒಂದು ದಿನ ಬಿಸಿಲಿಗಿಡಬೇಕು. ಆಮೇಲೆ ಒಂದು ಹಿಡಿ ಅಕ್ಕಿಯನ್ನು ಹಾಕಿ, ಕುಟ್ಟದೆ, ಗುಂಡನ್ನು ಗೋಡೆಗೆ ಒತ್ತಿ ಸುತ್ತುತ್ತಾ ಹಿಟ್ಟು ಮಾಡಬೇಕು. ಮೊದಲ ಸಲದ ಹಿಟ್ಟು ಬೂದಿಯ ಬಣ್ಣಕ್ಕಿರುತ್ತದೆ; ಅದನ್ನು ಚೆಲ್ಲಿ ಮತ್ತೆ ಅಕ್ಕಿ ಹಾಕಬೇಕು. ಹಿಟ್ಟು ಅಕ್ಕಿಯಷ್ಟೇ ಬೆಳ್ಳಗೆ ಬರುವವರೆಗೂ, ಸಾಮಾನ್ಯವಾಗಿ ನಾಲ್ಕೈದು ಸಲ, ಇದನ್ನು ಬಿಡಬಾರದು. ತೀರ ಅಂಚಿನ ಹತ್ತಿರದ ಗೋಡೆಯನ್ನು ಎಲ್ಲರೂ ಮರೆಯುತ್ತಾರೆ, ಮೊದಲ ಚಟ್ನಿಯಲ್ಲಿ ಹಲ್ಲಿಗೆ ಸಿಗುವ ಮರಳು ಅಲ್ಲಿಯದೇ. ಕೊನೆಗೆ ನೆನೆಸಿದ ಅಕ್ಕಿಯನ್ನು ಒಮ್ಮೆ, ಬೆಳ್ಳುಳ್ಳಿ, ಜೀರಿಗೆ, ಕಲ್ಲುಪ್ಪುಗಳನ್ನು ಒಮ್ಮೆ ಅರೆದು ಅದನ್ನೂ ಚೆಲ್ಲಿ ತೊಳೆದರೆ ಕಲ್ಲು ಅಡುಗೆಗೆ ಸಿದ್ಧ.

ಪಳಗಿಸುವಾಗ ಎಣ್ಣೆ ಸವರಿಡಿರಿ ಎಂಬ ಸಲಹೆ ಈಚೆಗೆ ಎಲ್ಲೆಡೆ ಕೇಳಿಬರುತ್ತಿದೆ. ಕಬ್ಬಿಣಕ್ಕೆ ಅದು ಸರಿ, ತುಕ್ಕು ತಡೆಯುತ್ತದೆ. ಗ್ರಾನೈಟಿಗೆ ಬೇಡವೇ ಬೇಡ. ಕಲ್ಲಿನ ಸಣ್ಣ ರಂಧ್ರಗಳಿಗೆ ಇಳಿದ ಎಣ್ಣೆ ಕೆಲವೇ ವಾರಗಳಲ್ಲಿ ಕಮಟು ವಾಸನೆ ಹಿಡಿಯುತ್ತದೆ, ಆಮೇಲೆ ಅದನ್ನು ತೆಗೆಯುವುದು ಬಹಳ ಕಷ್ಟ.

ಕುಟ್ಟುವ ಬಗೆ

ಅಡುಗೆಕಟ್ಟೆಯ ಚಪ್ಪಡಿಯ ನಡುವೆ, ಅಡಿಯಲ್ಲಿ ಆಧಾರವಿಲ್ಲದ ಕಡೆ ಇಟ್ಟು ಕುಟ್ಟಬಾರದು. ಗೋಡೆಯೋ ಅಡ್ಡಕಲ್ಲೋ ಚಪ್ಪಡಿಯನ್ನು ಹೊತ್ತಿರುವ ಜಾಗವನ್ನು ಹುಡುಕಿ, ನಾಲ್ಕು ಮಡಿಕೆ ಮಾಡಿದ ಒದ್ದೆ ಬಟ್ಟೆಯ ಮೇಲೆ ಇಡಬೇಕು. ನೆಲದ ಮೇಲೆ ಕುಳಿತು ಕುಟ್ಟುವುದು ಇನ್ನೂ ಮೇಲು, ಆದರೆ ಟೈಲ್ಸ್ ನೆಲವಾದರೆ ಗೋಣಿಚೀಲದ ಎರಡು ಪದರ ಹಾಸಿಕೊಳ್ಳಿರಿ. ಅಪಾರ್ಟ್‌ಮೆಂಟಿನಲ್ಲಿರುವವರು ಕೆಳಗಿನ ಮನೆಯವರ ಸಹನೆಯನ್ನು ಬೆಳಗಿನ ಆರು ಗಂಟೆಗೆ ಪರೀಕ್ಷಿಸದಿರುವುದು ಲೇಸು.

ಗುಂಡನ್ನು ಕೆಳಕ್ಕೆ ಒತ್ತಿ ಹೊಡೆಯಬೇಕಾಗಿಲ್ಲ. ನಾಲ್ಕು ಬೆರಳಿನಷ್ಟು ಎತ್ತರಕ್ಕೆ ಎತ್ತಿ ಅದರ ಭಾರದಲ್ಲಿ ಬೀಳಗೊಟ್ಟು, ಬಿದ್ದ ಕೂಡಲೇ ಮಣಿಕಟ್ಟನ್ನು ತುಸು ತಿರುವಬೇಕು. ಬೀಳುವಾಗ ಕಾಳು ಒಡೆಯುತ್ತದೆ, ತಿರುವುವಾಗ ಒಡೆದುದು ಗೋಡೆಗೆ ಸವೆದು ಪುಡಿಯಾಗುತ್ತದೆ. ಮೆಣಸು, ಸಾಸಿವೆಯಂತಹ ಗುಂಡುಕಾಳುಗಳು ಮೊದಲ ಏಟಿಗೆ ಹಾರುತ್ತವೆ, ಅದಕ್ಕಾಗಿ ಎಡ ಅಂಗೈಯನ್ನು ಕಮಾನಿನಂತೆ ಬಾಯಿಗೆ ಅಡ್ಡ ಹಿಡಿದು ಮೊದಲ ಹತ್ತು ಏಟುಗಳನ್ನು ಮೆಲ್ಲನೆ ಹಾಕಬೇಕು. ಒಂದು ಚಿಟಿಕೆ ಕಲ್ಲುಪ್ಪು ಸೇರಿಸಿದರೆ ಅದು ಕಾಳನ್ನು ಜಾರದಂತೆ ಹಿಡಿಯುತ್ತದೆ, ಉಜ್ಜುವುದಕ್ಕೂ ನೆರವಾಗುತ್ತದೆ; ಸಿಹಿಯ ಅಡುಗೆಗಾದರೆ ಅದೇ ಕೆಲಸವನ್ನು ಸಕ್ಕರೆ ಮಾಡುತ್ತದೆ. ಪಾಯಸಕ್ಕೆ ಎಂಟು ಏಲಕ್ಕಿಯ ಬೀಜಕ್ಕೆ ಒಂದು ಚಮಚ ಸಕ್ಕರೆ ಹಾಕಿ ಕುಟ್ಟಿ ನೋಡಿದವರು ಮತ್ತೆ ಬರೀ ಏಲಕ್ಕಿಯನ್ನು ಕುಟ್ಟುವುದಿಲ್ಲ. ಬಿಡಿಸಿದ ಸಿಪ್ಪೆಯನ್ನು ಚಹಾಪುಡಿಯ ಡಬ್ಬಿಗೆ ಹಾಕಿರಿ.

ಹುರಿದ ಸಾಮಗ್ರಿಯನ್ನು ಬಿಸಿಯಿರುವಾಗಲೇ ಕುಟ್ಟುವ ಆತುರ ಬೇಡ. ಧನಿಯಾ, ಜೀರಿಗೆ ಆರಿದ ಮೇಲೆಯೇ ಗರಿಗರಿಯಾಗುತ್ತವೆ, ಬಿಸಿಯಲ್ಲಿ ಕುಟ್ಟಿದರೆ ಮೆತ್ತಗಾಗಿ ಕಲ್ಲಿಗೆ ಅಂಟುತ್ತವೆ. ಹಲವು ಪದಾರ್ಥಗಳಿರುವಾಗ ಒಣಗಿದ್ದು, ಗಟ್ಟಿಯಾದದ್ದು ಮೊದಲು; ಆಮೇಲೆ ನಾರಿನದು; ಅದಾದ ಮೇಲೆ ರಸವುಳ್ಳದ್ದು; ಎಣ್ಣೆ ಬಿಡುವ ಶೇಂಗಾ, ಕೊಬ್ಬರಿ ಕೊನೆಗೆ. ಈ ಕ್ರಮ ತಪ್ಪಿ ಬೆಳ್ಳುಳ್ಳಿಯ ರಸದಲ್ಲಿ ಮೆಣಸು ಬಿದ್ದರೆ ಅದು ಈಜುತ್ತದೆಯೇ ಹೊರತು ಒಡೆಯುವುದಿಲ್ಲ. ಮೆಣಸಿನ ಸಾರಿನಲ್ಲಿ ಇದನ್ನು ಪರೀಕ್ಷಿಸಿಕೊಳ್ಳಬಹುದು: ಒಂದು ಚಮಚ ಮೆಣಸನ್ನು ತರಿತರಿಯಾಗಿ ಕುಟ್ಟಿ, ಒಂದು ಚಮಚ ಜೀರಿಗೆಯನ್ನು ಸೇರಿಸಿ ನಾಲ್ಕು ಏಟು ಹಾಕಿ, ಕೊನೆಗೆ ಆರು ಎಸಳು ಬೆಳ್ಳುಳ್ಳಿಯನ್ನು ಸಿಪ್ಪೆಸಹಿತ ಜಜ್ಜಿ ಹುಣಸೆ ನೀರಿಗೆ ಹಾಕಿ ಕುದಿಸಿದರೆ, ಪ್ರತಿಯೊಂದರ ರುಚಿಯೂ ನಾಲಗೆಗೆ ಬೇರೆಬೇರೆಯಾಗಿ ಸಿಗುತ್ತದೆ.

ಉತ್ತರ ಕರ್ನಾಟಕದ ಶೇಂಗಾ ಚಟ್ನಿಯಲ್ಲಿ ಕಲ್ಲಿನ ಗುಣ ಎಲ್ಲಕ್ಕಿಂತ ಸ್ಪಷ್ಟವಾಗಿ ತಿಳಿಯುತ್ತದೆ. ಒಂದು ಬಟ್ಟಲು ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು ಆರಿಸಿ ಸಿಪ್ಪೆ ತೆಗೆದು ಇಟ್ಟುಕೊಳ್ಳಬೇಕು. ಎಂಟು ಹತ್ತು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಒಂದು ದೊಡ್ಡ ಚಮಚ ಬ್ಯಾಡಗಿ ಮೆಣಸಿನಕಾಯಿಯ ಪುಡಿ, ರುಚಿಗೆ ತಕ್ಕ ಉಪ್ಪು ಇವನ್ನು ಮೊದಲು ಚೆನ್ನಾಗಿ ಕುಟ್ಟಿ, ಶೇಂಗಾವನ್ನು ಹಿಡಿಹಿಡಿಯಾಗಿ ಸೇರಿಸುತ್ತಾ ಹೋಗಬೇಕು. ಶೇಂಗಾ ಒಡೆದು, ತುಸು ಎಣ್ಣೆ ಬಿಟ್ಟು, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಂತು ಬೆರಳು ತಾಗಿಸಿದರೆ ಉದುರುವ ಹದ ಬಂದಾಗ ನಿಲ್ಲಿಸಬೇಕು. ಮಿಕ್ಸಿಯಲ್ಲಿ ಈ ಹದ ಒಂದು ಕ್ಷಣ ಬಂದು ಹೋಗಿಬಿಡುತ್ತದೆ, ಮರುಕ್ಷಣ ಅದು ಮುದ್ದೆಯಾಗಿರುತ್ತದೆ. ಜೋಳದ ರೊಟ್ಟಿಗೆ ಹಸಿಮೆಣಸಿನಕಾಯಿಯ ಖಾರ ಮಾಡುವವರು ಕಾಯಿಗಳನ್ನು ಹಂಚಿನ ಮೇಲೆ ಒಂದು ಚಮಚ ಎಣ್ಣೆಯಲ್ಲಿ ಕಲೆ ಬೀಳುವವರೆಗೆ ಬಾಡಿಸಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಕೂಡಿಸಿ ಇದೇ ರೀತಿ ತರಿತರಿಯಾಗಿ ಕುಟ್ಟುತ್ತಾರೆ. ಖಾರದ ಕೈಯನ್ನು ಮೊದಲು ಎಣ್ಣೆಯಿಂದ ಒರೆಸಿ ಆಮೇಲೆ ಸಾಬೂನು ಹಾಕಿ ತೊಳೆಯಿರಿ. ಮೆಣಸಿನಕಾಯಿಯ ಉರಿ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ.

ಮಕ್ಕಳಿರುವ ಮನೆಯಾದರೆ ಕುಟ್ಟುಂಡೆಯನ್ನು ಅವರ ಕೈಯಿಂದಲೇ ಮಾಡಿಸಬಹುದು. ಬೀಜ ತೆಗೆದ ಹುಣಸೆಹಣ್ಣು ನಿಂಬೆಗಾತ್ರ, ಅದಕ್ಕೆ ಸಮನಾದ ಬೆಲ್ಲ, ಒಂದು ಒಣಮೆಣಸಿನಕಾಯಿ, ಅರ್ಧ ಚಮಚ ಜೀರಿಗೆ, ಉಪ್ಪು; ಜೀರಿಗೆ, ಮೆಣಸಿನಕಾಯಿ, ಉಪ್ಪು ಪುಡಿಯಾದ ಮೇಲೆ ಬೆಲ್ಲ, ಕೊನೆಗೆ ಹುಣಸೆಹಣ್ಣು ಹಾಕಿ, ಎಲ್ಲ ಒಂದಾಗಿ ಗುಂಡಿಗೆ ಅಂಟುವವರೆಗೆ ಕುಟ್ಟಿ ಕಡ್ಡಿಗೆ ಸಿಕ್ಕಿಸಿದರಾಯಿತು. ಇದಕ್ಕೆ ಕಲ್ಲಿನ ಕುಟ್ಟಾಣಿಯೇ ಆಗಬೇಕು, ಹಿತ್ತಾಳೆಯದು ಕೂಡದು.

ತೊಳೆಯುವುದು, ಕಚ್ಚು ಹೊಡೆಸುವುದು

ಕೆಲಸವಾದ ಕೂಡಲೇ ಬಿಸಿನೀರು, ಬ್ರಷ್ಷು, ಅಷ್ಟೇ ಸಾಕು. ಸಾಬೂನಿನ ಪರಿಮಳ ಕಲ್ಲಿನ ರಂಧ್ರಗಳಲ್ಲಿ ಕುಳಿತು ಮರುದಿನದ ಚಟ್ನಿಯಲ್ಲಿ ಎದ್ದು ಬರುತ್ತದೆ. ಜಿಡ್ಡು ಹಿಡಿದಿದ್ದರೆ ಒಂದು ಚಮಚ ಕಡಲೆಹಿಟ್ಟನ್ನೋ ಅಕ್ಕಿಯನ್ನೋ ಹಾಕಿ ಅರೆದು ಚೆಲ್ಲಿದರೆ ಅದು ಜಿಡ್ಡನ್ನು ಹೀರಿಕೊಂಡು ಹೋಗುತ್ತದೆ. ತೊಳೆದ ಮೇಲೆ ಒಡನೆಯೇ ಬೋರಲು ಹಾಕಬಾರದು, ಒಳಗೆ ತೇವ ಉಳಿದು ಮುಗ್ಗಲು ವಾಸನೆ ಬರುತ್ತದೆ. ಬಾಯಿ ಮೇಲಾಗಿಟ್ಟು ಪೂರ್ತಿ ಒಣಗಿದ ಬಳಿಕ ಬೇಕಾದರೆ ಮುಚ್ಚಬಹುದು. ಎಷ್ಟೇ ತೊಳೆದರೂ ಬೆಳ್ಳುಳ್ಳಿ ಕುಟ್ಟಿದ ಕಲ್ಲಿನಲ್ಲಿ ಏಲಕ್ಕಿ ಕುಟ್ಟಿದರೆ ಪಾಯಸಕ್ಕೆ ಗೊತ್ತಾಗಿಯೇ ಆಗುತ್ತದೆ. ಖಾರಕ್ಕೊಂದು ಕಲ್ಲಿನದು, ಸಿಹಿಗೊಂದು ಚಿಕ್ಕ ಹಿತ್ತಾಳೆಯದು ಎಂದು ಎರಡು ಇಟ್ಟುಕೊಳ್ಳುವುದು ಶೋಕಿಯಲ್ಲ.

ವರ್ಷಗಟ್ಟಲೆ ಅರೆದ ಮೇಲೆ ಒಳಮೈ ನುಣುಪಾಗಿ ಪದಾರ್ಥ ಜಾರತೊಡಗುತ್ತದೆ. ಹಿಂದೆ ರುಬ್ಬುಕಲ್ಲಿಗೆ ಕಚ್ಚು ಹೊಡೆಯುವವರು ಉಳಿ ಸುತ್ತಿಗೆ ಹಿಡಿದು ಬೀದಿಯಲ್ಲಿ ಕೂಗುತ್ತಾ ಬರುತ್ತಿದ್ದರು. ಈಗ ಹೆದ್ದಾರಿಯ ಬದಿಯಲ್ಲಿ ಕಲ್ಲಿನ ಸಾಮಾನು ಮಾರುವ ಕುಟಿಗರ ಬಳಿಗೆ ನಾವೇ ಒಯ್ಯಬೇಕು. ಬಟ್ಟಲಿನ ತಳಕ್ಕೂ ಕೆಳಗಿನ ಅರ್ಧ ಗೋಡೆಗೂ ಮಾತ್ರ ಹೊಡೆಸಿರಿ, ಗುಂಡಿನ ತಳಕ್ಕೂ ನಾಲ್ಕು ಏಟು ಹಾಕಿಸಿರಿ, ಅಂಚನ್ನು ಮುಟ್ಟದಂತೆ ಹೇಳಿರಿ. ಮನೆಗೆ ತಂದ ಮೇಲೆ ಹೊಸ ಕಲ್ಲಿಗೆ ಮಾಡಿದಂತೆಯೇ ಅಕ್ಕಿ ಹಾಕಿ ಹಿಟ್ಟು ಬೆಳ್ಳಗಾಗುವವರೆಗೆ ಮತ್ತೆ ಅರೆಯಬೇಕು.